ಮದೀನಾ ಕಡೆಯ ಹಳಿ

ಶವ ಹೊತ್ತವರು ಓಣಿಯ ತಿರುವು ದಾಟುತ್ತಿದ್ದಂತೆ ಫಿದ್ದಾ ಗಂಡ ಅನೀಸನನ್ನು ಮೀಯಿಸಿದ ಹಲಗೆಯನ್ನು ಎತ್ತಿ ಗೋಡೆಗೆ ಒರಗಿಸಿದಳು. ಒಳಗೆ ಹೆಂಗಸರು ಸಕ್ಕರೆಯಿಲ್ಲದ ಕಾಫಿ ಬಗ್ಗಿಸುತ್ತಿದ್ದರು. ಆಗಲೇ ಬಾಗಿಲೆದುರು ಲಾರಿಯೊಂದು ನಿಂತಿತು. ಮೈಯೆಲ್ಲ ಧೂಳಾದ ಹೆಂಗಸೊಬ್ಬಳು ಕಷ್ಟಪಟ್ಟು ಇಳಿದಳು. ಅನೀಸನದೇ ಉದ್ದ ಮೂಗು. ಫಿದ್ದಾಳಿಗೆ ಹೆಸರು ಕೇಳಬೇಕಾಗಲಿಲ್ಲ.

"ಬಾಹಿಜಾ..."

"ತಡ ಆಯ್ತಾ ಅತ್ತಿಗೆ?"

"ಈಗ ತಾನೇ ಕರ್ಕೊಂಡು ಹೋದ್ರಮ್ಮ."

"ಅಣ್ಣನಿಗೆ ಹುಷಾರಿಲ್ಲ ಅನ್ನೋ ತಂತಿ ಬಂದ ದಿನಾನೇ ಮದೀನಾ ಬಿಟ್ಟಿದ್ದೆ. ಗಡಿಯಲ್ಲಿ ಎರಡು ದಿನ ಕೂರಿಸಿಬಿಟ್ರು." ಬಾಹಿಜಾ ಹೊಸ್ತಿಲ ಮೇಲೆಯೇ ಕುಸಿದಳು. ಅಣ್ಣನನ್ನು ಕೊನೆಯ ಸಲ ಕಂಡಾಗ ಅವಳಿಗೆ ಒಂಬತ್ತು ವರ್ಷ. ಈಗ ನಲವತ್ತೆಂಟು.

ಪಕ್ಕದ ಮನೆಯ ಉಮ್ಮ್ ಸುವೈಲಿಮ್ ಸುಮ್ಮನಿರುವವಳಲ್ಲ. "ದೊರೆಗಳು ಜಗಳ ಆಡಿದ್ರೆ ದಾರಿ ಮುಚ್ತಾರೆ, ರಾಜಿ ಆದ್ರೆ ಫೋಟೋ ತೆಗೆಸ್ಕೋತಾರೆ. ದಾರಿ ಮಾತ್ರ ಯಾವತ್ತೂ ತೆಗೆಯಲ್ಲ!"

*

ಅನೀಸ್ ಮದೀನಾದಿಂದ ಈ ಮಆನ್ ಊರಿಗೆ ಬಂದದ್ದು ರೈಲಿನ ತಂತಿ ಗುಮಾಸ್ತನಾಗಿ, ಒಂದು ತಿಂಗಳ ಮಟ್ಟಿಗೆ. ಅಷ್ಟರಲ್ಲಿ ಹಾಶಿಮ್ ಮನೆತನದ ದೊರೆಗಳು ಮದೀನಾ ಇರುವ ಹಿಜಾಜ್ ಸೀಮೆಯನ್ನು ಕಳೆದುಕೊಂಡರು, ಸೌದ್ ಮನೆತನದವರು ಗೆದ್ದರು; ಮಆನ್ ಮಾತ್ರ ಹಾಶಿಮರಿಗೇ ಉಳಿಯಿತು. ಹಳಿ ತುಂಡಾಯಿತು. ತಾಯಿ ಆ ಕಡೆ, ಮಗ ಈ ಕಡೆ. ಅವನು ಇಲ್ಲೇ ಫಿದ್ದಾಳನ್ನು ಮದುವೆಯಾದ. ಅವಳಪ್ಪ ಹಾಶಿಮರ ಸಿಪಾಯಿ.

ಮೂವತ್ತೆರಡು ವರ್ಷವಾದ ಮೇಲೆ ಎರಡೂ ಮನೆತನದ ದೊರೆಗಳು ಅಪ್ಪಿಕೊಂಡರು. ಹಳಿ ಮತ್ತೆ ಜೋಡಿಸುವ ಮಾತೆದ್ದು, ಅಳತೆಪಟ್ಟಿ ಹಿಡಿದ ಅಧಿಕಾರಿಗಳು ನಿಲ್ದಾಣದಲ್ಲಿ ಕುರಿಮಾಂಸದ ಊಟ ಉಂಡರು. ಅನೀಸ್ ಅಂಗಿ ಇಸ್ತ್ರಿ ಮಾಡಿಸಿಕೊಂಡು ಮದೀನಾಕ್ಕೆ ಹೋಗಲು ಸೌದರ ಪರವಾನಗಿ ಕೇಳಲು ರಾಜಧಾನಿ ಅಮ್ಮಾನಿಗೆ ಹೋದ. ಮೂರನೆಯ ದಿನ ಬಂದು ಟೋಪಿ ತೆಗೆದಿಟ್ಟ.

"ಕೊಡಲಿಲ್ಲ ಫಿದ್ದಾ."

ಅವಳು ಎರಡು ಅರಮನೆಗಳಿಗೂ ಸೇರಿಸಿ ಹಿಡಿಶಾಪ ಹಾಕಿದಳು. ಅವನು ತಲೆಯೆತ್ತದೆ ಬೇಳೆ ಸಾರು ಕುಡಿದ. ಅಂದಿನಿಂದ ಸಂಜೆ ಹೊತ್ತು ಹಳಿಯ ಮೇಲೆ ದಕ್ಷಿಣಕ್ಕೆ ಒಂದಷ್ಟು ದೂರ ನಡೆದುಹೋಗಿ ತಿರುಗಿ ಬರುವುದು ಅವನಿಗೆ ಅಭ್ಯಾಸವಾಯಿತು.

*

"ನಮ್ಮತ್ತೆ ಕಣ್ಣು ಮುಚ್ಚೋವಾಗಲೂ ಮಗನ್ನ ನೋಡಲಿಲ್ಲ," ಎಂದಳು ಫಿದ್ದಾ. "ಒಂದು ಚೀಟಿ ಕೊಡೋಕೆ ನಿಮ್ಮ ದೊರೆಯ ಕೈ ಸವೀತಿತ್ತಾ?"

ಬಾಹಿಜಾ ಲೋಟ ಕೆಳಗಿಟ್ಟಳು. "ಕೊಟ್ಟಿದ್ರಲ್ಲ ಅತ್ತಿಗೆ."

"ಏನು?"

"ಅಣ್ಣ ಕಾಗದ ಬರೆದಿದ್ದ. ಅವನೊಬ್ಬನಿಗೆ ಮಾತ್ರ ಅಂತೆ. ಹಾಶಿಮರ ಸಿಪಾಯಿ ಮಗಳಿಗೆ ಇಲ್ಲ. ಒಂದ್ಸಲ ಬಂದ್ರೆ ವಾಪಸ್ ಹೋಗೋ ಹಾಗೂ ಇಲ್ಲ. 'ಏನು ಮಾಡಲಿ ಅಮ್ಮಾ' ಅಂತ ಕೇಳಿದ್ದ." ಅವಳು ತಲೆವಸ್ತ್ರದ ತುದಿಯಿಂದ ಮೂಗೊರೆಸಿಕೊಂಡಳು. "ಅಮ್ಮ ಓದಿಸಿಕೊಂಡು ಎರಡು ದಿನ ಊಟ ಬಿಟ್ಟಳು. ಆಮೇಲೆ ನನ್ನ ಕೈಲಿ ಬರೆಸಿದಳು: ಹೆಂಡ್ತೀನ ಬಿಟ್ಟು ಬಂದೆಯೋ, ಬಾಗಿಲೇ ತೆಗೆಯಲ್ಲ. ಬರೆಸಿ, ನನ್ನ ಮಡಿಲಲ್ಲಿ ಮುಖ ಮುಚ್ಕೊಂಡು ಅತ್ತಳು."

ಫಿದ್ದಾ ಏಳು ವರ್ಷ ಅವನ ಮುಂದೆಯೇ ದೊರೆಗಳನ್ನು ಬೈದಿದ್ದಳು. ಒಂದು ದಿನವೂ ಅವನು ತಡೆದಿರಲಿಲ್ಲ.

ಕೊನೆಗೆ ಎದ್ದಳು. "ನಡಿ."

"ಎಲ್ಲಿಗೆ? ಹೆಂಗಸರು ಇವತ್ತು ಗೋರಿ ಹತ್ರ ಹೋಗೋ ಹಾಗಿಲ್ಲ!" ಎಂದಳು ಉಮ್ಮ್ ಸುವೈಲಿಮ್.

"ಇವಳಿಗೆ ಗಡಿಯವರು ಹೇಳಿದ್ದು ಸಾಕು. ನೀನೂ ಶುರು ಮಾಡ್ಬೇಡ."

ದಿಬ್ಬದ ಮೇಲೆ ಗಂಡಸರು ಚದುರುತ್ತಿದ್ದರು. ಇಬ್ಬರನ್ನೂ ಕಂಡು ದಾರಿ ಬಿಟ್ಟರು. ಹಸಿ ಮಣ್ಣಿನ ಮುಂದೆ ಬಾಹಿಜಾ ಚಪ್ಪಲಿ ಕಳಚಿ ನಿಂತಳು.

"ಮಗ್ಗುಲಾಗಿ ಮಲಗಿಸಿ ಮುಖ ಯಾವ ಕಡೆ ಮಾಡಿದ್ದಾರೆ ಅತ್ತಿಗೆ?"

ಫಿದ್ದಾ ಮಕ್ಕಾದ ದಿಕ್ಕಿಗೆ ಕೈ ಚಾಚಿದಳು. ಅದೇ ದಿಕ್ಕಿನಲ್ಲಿ, ಮರಳಿನಾಚೆ ಎಲ್ಲೋ, ಮದೀನಾ.

ಬಾಹಿಜಾ ಗೋರಿಯನ್ನು ಬಳಸಿ ಆಚೆ ಹೋಗಿ, ಅಣ್ಣನ ಮುಖಕ್ಕೆ ಎದುರಾಗಿ ಕೂತಳು. ಫಿದ್ದಾ ಈಚೆಯೇ ಉಳಿದು, ಇಷ್ಟು ವರ್ಷ ಮಲಗುತ್ತಿದ್ದ ಹಾಗೆ, ಅವನ ಬೆನ್ನ ಬದಿಗೆ ಸರಿದು ಕೂತಳು.