ಸೇತುವೆಯಾಚೆಯ ಹನ್ನೆರಡು ತೂತು

ಕ್ರಿಸ್‌ಮಸ್ ಮುಗಿದ ಮೇಲೆ ನನಗೆ ಒಂದು ದಿನವೂ ಬಿಡುವು ಸಿಕ್ಕಿಲ್ಲ. ಫೆಬ್ರವರಿ ಅರ್ಧ ಕಳೆಯಿತು. ಯಾರ ಹತ್ತಿರ ಹೇಳಿಕೊಂಡರೂ, ಸೀಸನ್ನಿನಲ್ಲಿ ಯಾರಿಗಿದೆ ಬಿಡುವು ಮಾರಾಯ್ತಿ, ಅನ್ನುತ್ತಾರೆ. ಅದೂ ನಿಜವೇ. ಹಾಗಾಗಿ ಹೇಳುವುದನ್ನು ಬಿಟ್ಟೆ. ಆದರೆ ಬಲಭುಜ ಸುಮ್ಮನಿರಬೇಕಲ್ಲ! ಎಡಮಗ್ಗುಲಿಗೆ ಮಲಗಿದರೂ ನೋವು, ಬಲಮಗ್ಗುಲಿಗೆ ಮಲಗಿದರೂ ನೋವು. ಐವತ್ತೆಂಟು ವರ್ಷದವಳಿಗೆ ಇದೆಲ್ಲ ಬೇಕಿತ್ತೇ ಎಂದು ದಿನಾ ಬೆಳಿಗ್ಗೆ ಬೂಟು ಹಾಕಿಕೊಳ್ಳುವಾಗ ನನ್ನನ್ನೇ ಕೇಳಿಕೊಳ್ಳುತ್ತೇನೆ. ಉತ್ತರ ಹೇಳುವವರು ಯಾರೂ ಇಲ್ಲ.

ನನಗೆ ಎರಡು ಕೆಲಸ. ಬೆಳಗಿನ ಐದಕ್ಕೆ ಹಿಮದ ಮೇಲೆ ಓಡುವ ಸ್ನೋಮೊಬೈಲಿನಲ್ಲಿ ಹೊರಟು ಹೆಪ್ಪುಗಟ್ಟಿದ ಸರೋವರದ ಮೇಲಿನ ದಾರಿಯುದ್ದಕ್ಕೂ ಮಂಜುಗಡ್ಡೆ ಕೊರೆದು ಅದರ ದಪ್ಪ ಅಳೆಯುವುದು. ಎಂಟಕ್ಕೆ ವಾಪಸು ಬಂದು ರೆಸಾರ್ಟಿನ ಅಡಿಗೆಮನೆಯಲ್ಲಿ ಪ್ಯಾನ್‌ಕೇಕ್ ಹುಯ್ಯುವುದು. ರೆಸಾರ್ಟು ನನ್ನ ತಂಗಿ ಲವಾನ್ ಮತ್ತು ಅವಳ ಗಂಡ ಓರಿನ್‌ದು. ದಡದಿಂದ ಒಂಬತ್ತು ಮೈಲಿ ಒಳಗೆ, ಗಡ್ಡೆಯ ಮೇಲೆ, ಅವರ ಮೂವತ್ತು ಮೀನುಮನೆಗಳಿವೆ. ಮಿನ್ಯಾಪೊಲಿಸ್ಸಿನವರು ಬಂದು ಒಲೆ ಹೊತ್ತಿಸಿಕೊಂಡು, ನೆಲದ ತೂತಿನೊಳಗೆ ಗಾಳ ಬಿಟ್ಟು, ವಾಲೈ ಮೀನಿಗಾಗಿ ಕಾಯುತ್ತಾ ಕೂರುತ್ತಾರೆ. ಅವರನ್ನು ವ್ಯಾನಿನಲ್ಲಿ ಒಯ್ಯುವವಳು ಲವಾನ್. ಕಿಟಕಿ ಇಳಿಸಿ, ಸೀಟ್ ಬೆಲ್ಟ್ ಬಿಚ್ಚಿ ಓಡಿಸುತ್ತಾಳೆ. ಗಡ್ಡೆಯ ಮೇಲೆ ನಾವೆಲ್ಲ ಹಾಗೆಯೇ, ಮುಳುಗಿದರೆ ಹೊರಗೆ ಬರಬೇಕಲ್ಲ. ಊರವರು ಬಿಸಾಕಿದ ಕ್ರಿಸ್‌ಮಸ್ ಮರಗಳನ್ನು ದಾರಿಯ ಪಕ್ಕ ಗುರುತಿಗೆ ನೆಟ್ಟಿದ್ದೇವೆ. ಅರವತ್ತೆರಡು ಮರ, ಒಂದೊಂದು ಮರದ ಬುಡಕ್ಕೂ ಒಂದು ತೂತು. ಅಷ್ಟನ್ನೂ ಕೊರೆದು ನಾನು ಪುಸ್ತಕದಲ್ಲಿ ಬರೆದು ಕೊಟ್ಟ ಮೇಲೆಯೇ ಓರಿನ್ ದಾರಿಗೆ ಅಡ್ಡ ಕಟ್ಟಿದ ಸರಪಳಿ ತೆಗೆಯುವುದು.

ಐವತ್ತನೇ ಮರದ ಹತ್ತಿರ ಗಡ್ಡೆ ಬಿರುಕು ಬಿಟ್ಟಿದೆ. ಅದರ ಮೇಲೆ ಓರಿನ್ ಸೇತುವೆ ಹಾಸಿದ್ದಾನೆ. ಅದರಾಚೆಗಿನ ಹನ್ನೆರಡು ಮರಗಳದ್ದೇ ನನಗೆ ಯಾವಾಗಲೂ ತಲೆನೋವು. ಮೇಲೆ ನೋಡಿದರೆ ಎಲ್ಲ ಒಂದೇ ಬಿಳುಪು, ಆದರೆ ಅಲ್ಲಿ ಅಡಿಯಲ್ಲಿ ನೀರು ಓಡುತ್ತದೆ, ಒಳಗಿನಿಂದಲೇ ಗಡ್ಡೆಯನ್ನು ತಿನ್ನುತ್ತದೆ. ಹದಿನೇಳು ಇಂಚು ಇದ್ದದ್ದು ಮೂರೇ ದಿನದಲ್ಲಿ ಹತ್ತಕ್ಕೆ ಇಳಿದದ್ದನ್ನು ನಾನೇ ಅಳೆದಿದ್ದೇನೆ. ವ್ಯಾನಿಗೆ ಹದಿನೈದಾದರೂ ಬೇಕು. ಹೊರಗೆ ಎಷ್ಟೇ ಚಳಿಯಿರಲಿ, ಆ ನೀರಿಗೆ ಅದು ಲೆಕ್ಕಕ್ಕಿಲ್ಲ.

ಮುಂಚೆ ಪೆಟ್ರೋಲಿನ ಬೈರಿಗೆಯಿತ್ತು. ಅದರ ಅಬ್ಬರಕ್ಕೆ ದಡದ ಮೇಲೆ ನಾಯಿಗಳೆಲ್ಲ ಎದ್ದು ಬೊಗಳುತ್ತಿದ್ದವು. ಎರಡು ವರ್ಷದಿಂದ ಬ್ಯಾಟರಿಯ ಬೈರಿಗೆ ಬಂದಿದೆ. ಹಗುರ, ವಾಸನೆಯಿಲ್ಲ, ಹೊಗೆಯಿಲ್ಲ, ಗುಂಡಿ ಒತ್ತಿದರೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ಅದರ ಬಗ್ಗೆ ಕೆಟ್ಟ ಮಾತಾಡಲಾರೆ. ಒಂದೇ ತಾಪತ್ರಯ, ಬ್ಯಾಟರಿ ಎಳೆಕೂಸಿನ ಹಾಗೆ. ಕೋಟಿನೊಳಗೆ ಎದೆಗೆ ಅವಚಿಕೊಂಡಿದ್ದರೆ ಕೆಲಸ ಮಾಡುತ್ತದೆ, ಚಳಿಗೆ ಬಿಟ್ಟರೆ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ನಾನು ಎರಡು ಬ್ಯಾಟರಿ ಒಯ್ಯುತ್ತೇನೆ, ಒಂದು ಬೈರಿಗೆಯಲ್ಲಿ, ಇನ್ನೊಂದು ಎದೆಯ ಹತ್ತಿರ.

ಜನವರಿಯಲ್ಲೇ ಓರಿನ್‌ಗೆ ಹೇಳಿದ್ದೆ, ವಾರಕ್ಕೆ ಎರಡು ದಿನವಾದರೂ ಇನ್ಯಾರನ್ನಾದರೂ ಹಾಕು, ನನ್ನ ಕೈಲಾಗುತ್ತಿಲ್ಲ ಎಂದು. ಜನ ಎಲ್ಲಿದ್ದಾರೆ, ನೀನೇ ಹುಡುಕಿ ಕೊಡು ಅಂದ. ಕೆಟ್ಟವನಲ್ಲ ಅವನು. ಅವನ ಕಣ್ಣ ಕೆಳಗೂ ಕಪ್ಪು ಕಟ್ಟಿತ್ತು.

ಫೆಬ್ರವರಿಯ ಮೊದಲ ಶುಕ್ರವಾರ ಸೊನ್ನೆಗಿಂತ ಇಪ್ಪತ್ತನಾಲ್ಕು ಡಿಗ್ರಿ ಕೆಳಗಿತ್ತು. ಐವತ್ತನೇ ತೂತು ಮುಗಿಯುವಷ್ಟರಲ್ಲಿ ಮೊದಲ ಬ್ಯಾಟರಿ ಸತ್ತಿತು. ಎರಡನೆಯದಕ್ಕೆ ಕೋಟಿನೊಳಗೆ ಕೈ ಹಾಕಿದರೆ ಅಲ್ಲಿಲ್ಲ. ಸ್ನೋಮೊಬೈಲಿನ ಹಿಂದೆ ಕಟ್ಟಿದ ಜಾರುಬಂಡಿಯಲ್ಲಿ ಅಳತೆಕೋಲಿನ ಪಕ್ಕ ಬಿದ್ದಿತ್ತು. ಹೊರಡುವಾಗ ಅಲ್ಲಿಟ್ಟವಳು ಎತ್ತಿಕೊಳ್ಳಲು ಮರೆತಿದ್ದೆ. ಹಾಕಿ ನೋಡಿದೆ, ಎರಡು ಸುತ್ತು ತಿರುಗಿ ಕೆಂಪು ದೀಪ. ಅದನ್ನು ಕೋಟಿನೊಳಗೆ ತುರುಕಿಕೊಂಡು ಜಾರುಬಂಡಿಯ ಮೇಲೆ ಕೂತೆ.

ಇದನ್ನು ನೆಟ್ಟಗೆ ಹೇಳಿಬಿಡುತ್ತೇನೆ. ಅರ್ಧ ಗಂಟೆ ಕಾದಿದ್ದರೆ ಬ್ಯಾಟರಿ ಬೆಚ್ಚಗಾಗುತ್ತಿತ್ತು. ಕುಟ್ಟುವುದಕ್ಕೆ ಕಬ್ಬಿಣದ ಹಾರೆಯೂ ಇತ್ತು. ಏನೂ ಇಲ್ಲದಿದ್ದರೆ ಓರಿನ್‌ಗೆ, ಇವತ್ತು ಸೇತುವೆಯವರೆಗೆ ಮಾತ್ರ ಅಂದಿದ್ದರೂ ಆಗುತ್ತಿತ್ತು, ಒಂದು ಗಂಟೆ ತಡವಾಗಿ ಸರಪಳಿ ತೆಗೆಯುತ್ತಿದ್ದ, ಅಷ್ಟೇ. ನಾನು ಮಾಡಿದ್ದು ಬೇರೆ. ಕೈಗವಸು ಕಳಚಿ, ಪುಸ್ತಕ ತೆಗೆದು, ಗುರುವಾರದ ಅಂಕಿಗಳನ್ನೇ ಶುಕ್ರವಾರದ ಸಾಲಿನಲ್ಲಿ ಬರೆದೆ. ಹದಿನೇಳು, ಹದಿನೇಳೂವರೆ, ಹದಿನೆಂಟು. ಎಲ್ಲ ಒಂದೇ ಥರ ಕಾಣಬಾರದೆಂದು ಎರಡು ಕಡೆ ಅರ್ಧ ಇಂಚು ಸೇರಿಸಿದೆ. ನಿಲ್ಲುವುದಕ್ಕೆ ತ್ರಾಣವಿಲ್ಲದವಳಿಗೆ ಅಷ್ಟು ಬುದ್ಧಿ ಮಾತ್ರ ಓಡಿತು ನೋಡಿ.

ರೆಸಾರ್ಟಿಗೆ ವಾಪಸಾದಾಗ ಓರಿನ್ ಪುಸ್ತಕದ ಮೇಲೆ ಕಣ್ಣಾಡಿಸಿ, ಸರಿ ಅಂದು, ಹೋಗಿ ಸರಪಳಿ ತೆಗೆದ. ನಾನು ಒಲೆಯ ಮುಂದೆ ನಿಂತೆ. ಲವಾನ್ ಕಾಫಿ ತುಂಬಿಸಿಕೊಳ್ಳಲು ಬಂದಳು. ಇವತ್ತು ಒಂಬತ್ತು ಜನ, ಅವರಲ್ಲೊಬ್ಬರು ಎಂಬತ್ತು ದಾಟಿದ ಅಜ್ಜಿ, ಗಾಳ ಹಾಕಲು ಮೊಮ್ಮಗನಿಗೇ ಪಾಠ ಹೇಳುತ್ತಿದ್ದಾರೆ ಎಂದು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

"ಸಂಜೆ ಪಾತ್ರೆ ನಾನು ತೊಳ್ಕೋತೀನಿ ಅಕ್ಕಾ, ನೀನು ಹೋಗಿ ಮಲ್ಕೋ," ಅಂದು ಹೊರಟಳು.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ. ಕಾವಲಿಯ ಮೇಲೆ ನಾಲ್ಕು ಪ್ಯಾನ್‌ಕೇಕ್ ಸೀದು ಹೋದವು, ತಿರುವಿ ಹಾಕಬೇಕೆಂಬುದೇ ತೋಚಲಿಲ್ಲ. ಗಡ್ಡೆಯ ಮೇಲೆ ವ್ಯಾನು ನಿಧಾನ ಹೋಗಬೇಕು, ಸೇತುವೆಗೆ ಅರ್ಧ ಗಂಟೆ. ಏನೂ ಆಗುವುದಿಲ್ಲ, ನಿನ್ನೆ ಗಟ್ಟಿಯಿತ್ತು, ಇವತ್ತೂ ಇರುತ್ತದೆ ಎಂದು ಹೇಳಿಕೊಂಡೆ. ಹೇಳಿಕೊಳ್ಳುತ್ತಲೇ ಗಡಿಯಾರ ನೋಡಿದೆ, ಮತ್ತೆ ನೋಡಿದೆ. ಇಪ್ಪತ್ತೈದು ನಿಮಿಷ ಕಳೆದಿತ್ತು. ನಾಚಿಕೆಗೆಟ್ಟವಳು ನಾನು, ಇಪ್ಪತ್ತೈದು ನಿಮಿಷ ಬಾಯಿ ಮುಚ್ಚಿಕೊಂಡಿದ್ದೆ. ಒಲೆ ಆರಿಸಿ ಮುಂದಿನ ಅಂಗಡಿಗೆ ಓಡಿದೆ. ಓರಿನ್ ಯಾರಿಗೋ ಗಾಳಕ್ಕೆ ಸಿಕ್ಕಿಸುವ ಮರಿಮೀನು ಅಳೆದು ಕೊಡುತ್ತಿದ್ದ.

ಸೇತುವೆಯಾಚೆ ಕೊರೆದಿಲ್ಲ, ನಿನ್ನೆಯದನ್ನೇ ಬರೆದಿದ್ದೇನೆ, ಎಂದೆ. ಎರಡೇ ಮಾತು. ಅವನು ಬೈಯಲಿಲ್ಲ. ಕೈಯಲ್ಲಿದ್ದ ಬಲೆಯನ್ನು ತೊಟ್ಟಿಗೆ ಬಿಟ್ಟು ರೇಡಿಯೋ ಎತ್ತಿದ.

"ಲವಾನ್, ಎಲ್ಲಿದೀಯ?"

ಒಂದು ಗಳಿಗೆ ಬರೀ ಗರಗರ ಸದ್ದು. ಆ ಒಂದು ಗಳಿಗೆಯನ್ನು ನನ್ನ ಶತ್ರುವಿಗೂ ಬಯಸಲಾರೆ.

"ನಲವತ್ತೆಂಟನೇ ಮರದ ಹತ್ರ. ಯಾಕೆ?"

"ಅಲ್ಲೇ ನಿಲ್ಸು. ಸೇತುವೆ ಹತ್ತಬೇಡ. ಬರ್ತಿದೀವಿ."

ಅಡಿಗೆಮನೆಯಲ್ಲಿ ಬೆಚ್ಚಗಿದ್ದ ಬ್ಯಾಟರಿಗಳನ್ನು ಕೋಟಿನೊಳಗಿಟ್ಟುಕೊಂಡು ಸ್ನೋಮೊಬೈಲಿನಲ್ಲಿ ಅವನ ಹಿಂದೆ ಕೂತೆ. ಅಷ್ಟರಲ್ಲಿ ಬಿಸಿಲು ಬಂದಿತ್ತು. ಲವಾನ್ ವ್ಯಾನಿನ ಹೊರಗೆ ನಿಂತಿದ್ದಳು. ಒಳಗೆ ಜನ ಕಾಫಿ ಕುಡಿಯುತ್ತಿದ್ದರು. ಆ ಅಜ್ಜಿ ನನಗೆ ಕೈ ಬೀಸಿದರು. ಓರಿನ್ ಸುಮ್ಮನೆ ಮುಂದೆ ಹೋದ, ಹೇಳುವ ಕೆಲಸ ನನಗೇ ಬಿಟ್ಟ. ಹೇಳಿದೆ.

ಲವಾನ್ ವ್ಯಾನಿನ ಕಡೆ ತಿರುಗಿ ನೋಡಿದಳು, ಆಮೇಲೆ ನನ್ನನ್ನು.

"ಒಂಬತ್ತು ಜನ ಇದಾರೆ ಅಕ್ಕಾ," ಅಂದಳು. ಒಂದು ಏಟು ಹಾಕಿದ್ದರೆ ಚೆನ್ನಾಗಿತ್ತು.

ಸೇತುವೆಯನ್ನು ನಡೆದೇ ದಾಟಿದೆವು. ನಾನು ಕೊರೆದೆ, ಅವನು ಕೊಕ್ಕೆಯ ಕೋಲು ಇಳಿಸಿ ಅಳೆದ. ಐವತ್ತೊಂದನೆಯದು ಹದಿನೇಳು. ಐವತ್ತೆರಡು, ಹದಿನೇಳೂವರೆ. ನೀರು ಉಕ್ಕಿ ಬಂದಾಗಲೆಲ್ಲ ಬೈರಿಗೆ ಎತ್ತಿ ಹಿಡಿದು ಅವನ ಬಾಯಿಂದ ಅಂಕಿ ಬರಲೆಂದು ಕಾಯುತ್ತಿದ್ದೆ. ಎಂಟನೇ ತೂತಿನ ಹೊತ್ತಿಗೆ ಭಯ ಹೋಯಿತು. ಅದರ ಜಾಗಕ್ಕೆ ಇನ್ನೊಂದು ಸಂಕಟ ಬಂತು. ನಾನು ಅರ್ಧ ಇಂಚು ಸೇರಿಸಿದ್ದ ಕಡೆಯೂ ಅಷ್ಟೇ ಇತ್ತು. ನನ್ನ ಸುಳ್ಳು ಒಂದೊಂದೇ ತೂತಿಗೆ ನಿಜವಾಗುತ್ತಾ ಬರುತ್ತಿತ್ತು, ನಾನು ಮಂಡಿಯೂರಿ ನೋಡುತ್ತಿದ್ದೆ.

ಹನ್ನೆರಡೂ ಮುಗಿದ ಮೇಲೆ ಓರಿನ್ ಸೊಂಟ ನೆಟ್ಟಗೆ ಮಾಡಿಕೊಂಡು ನಕ್ಕ. ಅದು ಜೀವ ಬಂದವನ ನಗು, ಅದನ್ನು ತಪ್ಪೆನ್ನಲಾರೆ.

"ಕೊರೀದೇನೇ ಇಷ್ಟು ಸರಿ ಬರೀತೀಯಲ್ಲ, ಭೇಷ್," ಅಂದ. ಆಮೇಲೆ ತುಸು ಯೋಚಿಸಿ, "ನಿಜವಾಗ್ಲೂ ಹೇಳ್ತೀನಿ ಆರ್ಡಿಸ್. ನಾಳೆಯಿಂದ ಈ ಹನ್ನೆರಡು ಬೇಡ ಬಿಡು. ವಾರಕ್ಕೊಂದ್ಸಲ ನೋಡಿದ್ರೆ ಸಾಕು. ನಿನ್ನ ಭುಜಕ್ಕೂ ಒಳ್ಳೇದು."

ಜನವರಿಯಿಂದ ನಾನು ಬೇಡುತ್ತಿದ್ದದ್ದು ಇದನ್ನೇ, ಒಂದಿಷ್ಟು ಕಡಿಮೆ ಮಾಡು ಎಂದು. ಕೊಟ್ಟ ನೋಡಿ ಪುಣ್ಯಾತ್ಮ.

"ಹಂಗಲ್ಲ ಓರಿನ್. ಅಡೀಲಿ ನೀರು ಓಡ್ತಿದೆ. ದಿನಾ ನೋಡ್ಲೇಬೇಕು."

ಅವನು ಕೋಲಿಗಂಟಿದ ನೀರು ಒರೆಸುತ್ತಿದ್ದ. ದನಿ ಏರಿಸಲಿಲ್ಲ.

"ಕೊರೀದೇ ಬರ್ದೋಳು ನೀನು. ಕೊರೀಲೇಬೇಕು ಅಂತ ನಂಗೆ ಹೇಳ್ತಿರೋಳೂ ನೀನೇನಾ?"

ಏಳು ಚಳಿಗಾಲ ಆ ಪುಸ್ತಕ ಬರೆದಿದ್ದೇನೆ. ನಾನು ಬೇಡವೆಂದ ದಿನ ಸರಪಳಿ ತೆಗೆದವನಲ್ಲ ಅವನು. ಶನಿವಾರಗಳಲ್ಲಿ, ಹೊರಗೆ ಸಾಲುಗಟ್ಟಿ ನಿಂತವರು ಬೈಯುತ್ತಿದ್ದರೂ ತೆಗೆದಿರಲಿಲ್ಲ. ಆ ಮಾತಿನ ಬೆಲೆ ಅರ್ಧ ಗಂಟೆಯ ಸುಸ್ತಿಗೆ ಹೋಯಿತು. ಸಂಜೆ ಅವನು ಪುಸ್ತಕದಲ್ಲಿ ಐವತ್ತರ ಕೆಳಗೆ ಗೆರೆ ಎಳೆದ.

ಈಗ ಓರಿನ್‌ಗೆ ಪುಸ್ತಕ ಏಳೂವರೆಗೇ ಬೇಕು, ನಾನು ಅರ್ಧ ಗಂಟೆ ಮೊದಲೇ ಏಳುತ್ತೇನೆ. ಐವತ್ತು ಮುಗಿಸಿ, ಸೇತುವೆ ದಾಟಿ, ಆ ಹನ್ನೆರಡನ್ನೂ ಕೊರೆಯುತ್ತೇನೆ. ಯಾರೂ ಹೇಳಿಲ್ಲ, ಬರೆಯುವುದಕ್ಕೆ ಸಾಲೂ ಇಲ್ಲ. ಅಂಕಿಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಬಂದು ಲವಾನ್‌ಗೆ ಒಪ್ಪಿಸುತ್ತೇನೆ. ಭುಜ ಹಾಗೆಯೇ ಇದೆ, ಇನ್ನೂ ಕೆಟ್ಟಿದೆ.

ಲವಾನ್ ಮೊದಲಿನ ಹಾಗೇ ಇದ್ದಾಳೆ, ಪಾತ್ರೆ ತೊಳೆಯುತ್ತಾಳೆ, ಹೋಗಿ ಮಲಗು ಅನ್ನುತ್ತಾಳೆ. ಆದರೆ ಜನರನ್ನು ಹತ್ತಿಸಿಕೊಂಡ ಮೇಲೆ, ನಾನು ಅಂಕಿಗಳನ್ನು ಹೇಳಿ ಮುಗಿಸಿದ ಮೇಲೆ, ಒಳಗಿನವರಿಗೆ ಕೇಳದ ಹಾಗೆ ದನಿ ತಗ್ಗಿಸಿ ಕೇಳುತ್ತಾಳೆ.

"ಕೊರೆದ್ಯಾ ಅಕ್ಕಾ?"

ಏಳು ವರ್ಷ ಅವಳು ಇದನ್ನು ಕೇಳಿದವಳಲ್ಲ. ನಾನು ತೂತಿನ ನೀರಿನಲ್ಲಿ ಮಣಿಕಟ್ಟಿನವರೆಗೆ ಒದ್ದೆಯಾದ ಕೈಗವಸನ್ನು ಮುಂದೆ ಚಾಚುತ್ತೇನೆ. ಅವಳು ಅದನ್ನು ಮುಟ್ಟಿ ನೋಡುತ್ತಾಳೆ. ಆಮೇಲೆ ವ್ಯಾನು ಶುರು ಮಾಡುತ್ತಾಳೆ.