ಕಡಬದ ಕಿಟಕಿಗೆ ಹಿಮದ ಹೂ

ಭವಿತಾ ಹಿಮ ಕಂಡವಳಲ್ಲ. ಸವಣೂರಿನಲ್ಲಿ ಚಳಿ ಎಂದರೆ ಡಿಸೆಂಬರಿನ ಬೆಳಿಗ್ಗೆ ಒಂದು ಶಾಲು ಹೊದ್ದುಕೊಳ್ಳುವಷ್ಟು. ಆದರೂ ಈ ಸಲದ ಕ್ರಿಸ್ಮಸ್ಸಿಗೆ ಏಲಿಯಮ್ಮ ಆಂಟಿಗೆ ಹಿಮವನ್ನೇ ಕೊಡುವುದೆಂದು ಅವಳು ಹಠ ಹಿಡಿದಿದ್ದಳು.

ಏಲಿಯಮ್ಮ ಬಹಳ ವರ್ಷ ಜರ್ಮನಿಯಲ್ಲಿ ನರ್ಸ್ ಆಗಿದ್ದು, ಈಗ ಕಡಬದಲ್ಲಿ ತಂಗಿಯ ಸಂಸಾರದ ಜೊತೆ ಇರುವವರು. ಭವಿತಾಳ ತವರುಮನೆ ಅವರ ಪಕ್ಕದ್ದೇ. ಅವಳಿಗೆ ಹೊಲಿಗೆ ಕಲಿಸಿದ್ದು ಅವರು. ಅವಳು ಮದುವೆಯಾಗಿ ಸವಣೂರಿಗೆ ಹೊರಟಾಗ, "ನನ್ನ ಕಣ್ಣಿಗೆ ಇನ್ನು ಆಗುದಿಲ್ಲ ಮಗಾ" ಎಂದು ತಮ್ಮ ಕಂಪ್ಯೂಟರ್ ಎಂಬ್ರಾಯಿಡರಿ ಮೆಷಿನನ್ನೇ ಎತ್ತಿಕೊಟ್ಟವರೂ ಅವರೇ. ಹೋದ ಕ್ರಿಸ್ಮಸ್ಸಿಗೆ ಕೇಕು ಕೊಡುತ್ತಾ, "ಇಲ್ಲಿ ಎಲ್ಲ ಉಂಟು, ಕಿಟಕಿಯಲ್ಲಿ ಹಿಮ ಒಂದು ಇಲ್ಲ" ಎಂದು ನಕ್ಕಿದ್ದರು. ಆ ಮಾತು ಭವಿತಾಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಮೊಬೈಲಿನಲ್ಲಿ ಹುಡುಕಿದಾಗ ದಾರಿ ಸಿಕ್ಕಿತು. ನೀರಿನಲ್ಲಿ ಕರಗುವ, ಪ್ಲಾಸ್ಟಿಕ್ಕಿನಂತೆ ಕಾಣುವ ತೆಳು ಹಾಳೆಯ ಮೇಲೆ ಬಿಳಿ ನೂಲಿನಲ್ಲಿ ಹಿಮದ ಹೂ ಹೊಲಿಯುವುದು. ಆಮೇಲೆ ನೀರಿಗೆ ಅದ್ದಿದರೆ ಹಾಳೆ ಹೋಗಿ ಬರೀ ಕಸೂತಿ ಉಳಿಯುತ್ತದೆ. ಅವಳು ಆ ಹಾಳೆಯ ಒಂದು ಸುರುಳಿ ತರಿಸಿದಳು, ಮೆಷಿನಿಗೆ ಎಣ್ಣೆ ಬಿಟ್ಟಳು, ಮರುದಿನವೇ ಶುರು ಮಾಡುವುದೆಂದುಕೊಂಡಳು.

ಮರುದಿನ ಬಚ್ಚಲಿನಿಂದ ಅತ್ತೆ ಲೋಲಾಕ್ಷಿಯ ಕೂಗು ಕೇಳಿತು. "ಭವಿತಾ, ಓಡಿ ಬಾ! ನಿನ್ನ ಪ್ಲಾಸ್ಟಿಕ್ ಮಾಯ ಆಯಿತು!"

ಓಡಿಹೋಗಿ ನೋಡಿದರೆ ಅತ್ತೆ ಬಕೆಟಿನೊಳಗೆ ಮೊಣಕೈವರೆಗೆ ಕೈ ಹಾಕಿ ತಡಕಾಡುತ್ತಿದ್ದರು. "ಪಾರ್ಸೆಲಿನ ಧೂಳು ಹಿಡಿದಿತ್ತು, ಒಮ್ಮೆ ತೊಳೆಯುವ ಅಂತ ಹಾಕಿದೆ. ಈಗ ಸಿಕ್ಕುದೇ ಇಲ್ಲ. ಬರೀ ಲೋಳೆ ಉಂಟು!"

ಭವಿತಾಳಿಗೆ ಅಳು ಬಂತು. ಆದರೆ ಅತ್ತೆ ಆ ಲೋಳೆಯನ್ನು ಬೆರಳಿನಲ್ಲಿ ಎತ್ತಿ, ಕಳೆದುಹೋದವರನ್ನು ಹುಡುಕುವವರಂತೆ ನೋಡುತ್ತಿದ್ದ ಪರಿಗೆ ಅಳು ಅರ್ಧದಲ್ಲೇ ನಗುವಾಯಿತು. ಸಂಗತಿ ತಿಳಿದ ಮೇಲೆ ಲೋಲಾಕ್ಷಿ ತಲೆಯ ಮೇಲೆ ಕೈಹೊತ್ತು ಕೂತರು. "ನೀರಲ್ಲಿ ಕರಗುವ ಬಟ್ಟೆಯನ್ನು ಯಾರಾದರೂ ಮಾಡ್ತಾರಾ ಮಾರಾಯ್ತಿ?"

ಹೊಸ ಸುರುಳಿ ಬರುವಾಗ ಕ್ರಿಸ್ಮಸ್ ಮುಗಿದಿರುತ್ತಿತ್ತು. ಭವಿತಾ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಗೆಳತಿ ಮುಹ್ಸಿನಾಳ ಹತ್ತಿರ ಹೋಗಿ ಕಷ್ಟ ಹೇಳಿಕೊಂಡಳು. ಮುಹ್ಸಿನಾ ಮದುವಣಗಿತ್ತಿಯರ ಉಡುಪಿಗೆ ತಂದು ಉಳಿದ ಬಲೆಯಂಥ ಬಿಳಿ ನೆಟ್ಟಿನ ಬಟ್ಟೆಯ ತುಂಡುಗಳನ್ನೆಲ್ಲ ಚೀಲಕ್ಕೆ ತುಂಬಿಸಿ, "ಇದರಲ್ಲಿ ಹೊಲಿದು ಸುತ್ತ ಕತ್ತರಿಸು, ದೂರದಿಂದ ನೆಟ್ಟು ಕಾಣುದಿಲ್ಲ" ಎಂದಳು.

ಮೆಷಿನ್ ಚೆನ್ನಾಗಿಯೇ ಹೊಲಿಯಿತು. ಆದರೆ ಹೂವನ್ನು ನೂಲಿನಿಂದ ತೂಗುಹಾಕಿದರೆ ಬಾಡಿದ ಬಸಳೆ ಎಲೆಯಂತೆ ಜೋತುಬೀಳುತ್ತಿತ್ತು.

ಲೋಲಾಕ್ಷಿ ಅದನ್ನು ಸ್ವಲ್ಪ ಹೊತ್ತು ನೋಡಿದರು. "ನಿನ್ನ ಮಾವನ ಪಂಚೆ ಹೇಗೆ ಗರಿಗರಿ ನಿಲ್ತದೆ? ಗಂಜಿ ತೆಳಿ ಹಾಕಿಯೇ ಅಲ್ವಾ? ಕುಚ್ಚಲಕ್ಕಿಯದ್ದು ಬೇಡ, ಕೆಂಪಾಗ್ತದೆ. ಬೆಳ್ತಿಗೆ ಅಕ್ಕಿ ಇಡು."

ಬಿಳಿಯ ಬೆಳ್ತಿಗೆ ಅನ್ನ ಬಸಿದ ತೆಳಿಯಲ್ಲಿ ಅದ್ದಿದ ಹೂಗಳು ಬಿದಿರಿನ ಗೆರಸೆಯ ಮೇಲೆ ಬಿಸಿಲಿಗೆ ಒಣಗಿ ಹಪ್ಪಳದಂತೆ ನೆಟ್ಟಗಾದವು. ಅತ್ತೆಯೂ ಸೊಸೆಯೂ ಜಗಲಿಯಲ್ಲಿ ಕೂತು ಕತ್ತರಿಸಿದರು. ಅತ್ತೆಯ ಕತ್ತರಿ ಒಂದೆಡೆ ತುದಿ ಹಾರಿಸಿತು, ಇನ್ನೊಂದೆಡೆ ಅಂಚು ವಕ್ರವಾಯಿತು. ಭವಿತಾ ಒಳಗೊಳಗೇ ಚಡಪಡಿಸಿದರೂ, ಅವರ ಉತ್ಸಾಹ ನೋಡಿ ಇನ್ನಷ್ಟು ಹೂಗಳನ್ನು ಅವರತ್ತ ಸರಿಸಿದಳು.

ಕ್ರಿಸ್ಮಸ್ಸಿನ ಹಿಂದಿನ ದಿನ ಇಬ್ಬರೂ ಸಾಹುಲ್ ಹಮೀದರ ರಿಕ್ಷಾ ಮಾಡಿಕೊಂಡು ಕಡಬಕ್ಕೆ ಹೋದರು. ಏಲಿಯಮ್ಮನನ್ನು ಅಡುಗೆಮನೆಯಲ್ಲೇ ಮಾತಿಗೆ ಹಿಡಿದಿಡುವ ಕೆಲಸ ಅತ್ತೆಯದ್ದು. ಅಷ್ಟರಲ್ಲಿ ಭವಿತಾ ಮನೆಯ ಮುಂಬದಿಯ ಚಾವಡಿಯ ಕಿಟಕಿಯ ತುಂಬ ಹೂಗಳನ್ನು ಇಳಿಬಿಟ್ಟಳು.

"ಆಂಟಿ, ಸ್ವಲ್ಪ ಇಲ್ಲಿ ಬನ್ನಿ."

ಏಲಿಯಮ್ಮ ಸೆರಗಿಗೆ ಕೈ ಒರೆಸುತ್ತಾ ಬಂದವರು ಬಾಗಿಲಲ್ಲೇ ನಿಂತರು. ಗಾಳಿಗೆ ಹೂಗಳು ತಿರುಗುತ್ತಿದ್ದವು. ಅವರು ಮೆಲ್ಲನೆ ಹತ್ತಿರ ಹೋಗಿ, ಒಂದೊಂದನ್ನೂ ಅಂಗೈ ಮೇಲಿಟ್ಟು ಕಣ್ಣಿನ ಬಳಿ ಹಿಡಿದು ನೋಡಿದರು. ಭವಿತಾ ಒಂದು ಹೆಜ್ಜೆ ಮುಂದಿಟ್ಟಳು. ಆ ವಕ್ರ ಅಂಚುಗಳು!

"ಮೆಷಿನಿನದ್ದಾದರೆ ಎಲ್ಲ ಒಂದೇ ಥರ ಇರಬೇಕಿತ್ತಲ್ಲ ಮಗಾ?"

"ಕತ್ತರಿಸುವಾಗ ಸ್ವಲ್ಪ..." ಭವಿತಾ ತಡವರಿಸಿದಳು.

"ನಾನು ಮಾಡಿದ್ದು ಅದು," ಎಂದರು ಲೋಲಾಕ್ಷಿ, ಸಣ್ಣ ಸ್ವರದಲ್ಲಿ.

"ಹಿಮ ಹಾಗೆಯೇ ಅಲ್ವಾ!" ಏಲಿಯಮ್ಮ ಇಬ್ಬರ ಕೈಯನ್ನೂ ಹಿಡಿದುಕೊಂಡರು. "ಡ್ಯೂಟಿ ಮುಗಿಸಿ ಬರುವಾಗ ಕೋಟಿನ ತೋಳಿಗೆ ಬೀಳುದು. ನಿಂತು ನೋಡ್ತಿದ್ದೆ. ಒಂದರ ಹಾಗೆ ಇನ್ನೊಂದು ಯಾವತ್ತೂ ಇರ್ಲಿಲ್ಲ." ಅವರ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. ಒಂದು ಹೂವನ್ನು ಬಿಡಿಸಿ ತಮ್ಮ ತೋಳಿನ ಮೇಲಿಟ್ಟುಕೊಂಡು, ಅದು ಬೀಳದಂತೆ ಚಾವಡಿಯ ಆ ತುದಿಯಿಂದ ಈ ತುದಿಗೆ ಹುಡುಗಿಯ ಹಾಗೆ ನಡೆದರು. ಲೋಲಾಕ್ಷಿ ಚಪ್ಪಾಳೆ ತಟ್ಟಿದರು.

ಚಹಾ, ಕೇಕು ಮುಗಿಸಿ ಹೊರಗೆ ಬಂದಾಗ ಸಾಹುಲ್ ಹಮೀದ್ ಕಿಟಕಿಯನ್ನೇ ನೋಡುತ್ತಾ ನಿಂತಿದ್ದರು. "ಎಂತ ಅಕ್ಕ ಅದು? ನನಗೊಂದು ಸಿಕ್ಕೀತಾ?"

ಮಿಕ್ಕಿದ್ದ ಒಂದನ್ನು ಭವಿತಾ ಕೊಟ್ಟಳು. ಅವರು ಅದನ್ನು ರಿಕ್ಷಾದ ಕನ್ನಡಿಗೆ ಕಟ್ಟಿದರು. ಸವಣೂರಿನವರೆಗೂ ಬಿಸಿಲಿನಲ್ಲಿ ಅದು ಕುಣಿಯುತ್ತಲೇ ಬಂತು.