ಚರಗದ ಹೋಳಿಗೆ

ಸಕ್ರವ್ವನ ಗಂಡ ಹೊಟ್ಟೆನೋವಿನಲ್ಲಿ ಒಣಗಿ ಒಣಗಿ ಸತ್ತ. ದವಾಖಾನೆಯವರು ಲಿವರ್ ಕೆಟ್ಟಿತ್ತು ಎಂದರು. ಸವಡಿ ಊರಿನ ಮಂದಿ ಮಾತ್ರ, ಹೆಂಡತಿಯೇ ಊಟದಲ್ಲಿ ಮದ್ದು ಹಾಕಿದಳು ಎಂದರು. ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು? ಅಂದಿನಿಂದ ಆಕೆಯ ಕೈಯಡಿಗೆ ಯಾರ ಗಂಟಲಲ್ಲೂ ಇಳಿಯಲಿಲ್ಲ.

ಆಕೆಯ ಪರವಾಗಿ ಜಗಳಕ್ಕೆ ನಿಂತವಳು ಪಕ್ಕದ ಮನೆಯ ದೇವವ್ವ ಒಬ್ಬಳೇ. ಬಾಯಿ ಜೋರಿನ ಹೆಂಗಸು. "ಮದ್ದೂ ಇಲ್ಲ ಮಣ್ಣೂ ಇಲ್ಲ, ನಿಮ್ಮ ನಾಲಿಗ್ಯಾಗ ಐತಿ ವಿಷ" ಎಂದು ನಳದ ಮುಂದೆ ಎಷ್ಟು ಜನರ ನೀರಿಳಿಸಿದ್ದಳೋ. ಆದರೆ ಕಳೆ ತೆಗೆಯಲು ಹೋದಾಗ, ಬುತ್ತಿ ಬಿಚ್ಚಿ ಒಬ್ಬರದೊಬ್ಬರು ಹಂಚಿಕೊಳ್ಳುವ ಹೊತ್ತಿಗೆ, ಸಕ್ರವ್ವ ಕೊಟ್ಟ ಬದನೆಕಾಯಿ ಪಲ್ಯ ಅದು ಹೇಗೋ ಬದುವಿನ ಇರುವೆಗಳ ಪಾಲಾಗುತ್ತಿತ್ತು. ಬದನೆಕಾಯಿ ತನಗೆ ಆಗಿಬರುವುದಿಲ್ಲ ಎಂದು ದೇವವ್ವ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಮನೆಯಲ್ಲಿ ತಾನು ಮಾಡಿದ್ದನ್ನು ಬಟ್ಟಲು ತುಂಬ ತಿನ್ನುತ್ತಿದ್ದಳು.

ಎಳ್ಳಮಾವಾಸ್ಯೆಯ ದಿನ ಭೂಮಿತಾಯಿಗೆ ಎಡೆಯಾಗಿ ಹೊಲದ ತುಂಬ ಚರಗ ಚೆಲ್ಲಿ, ಬನ್ನಿ ಗಿಡದ ಕೆಳಗೆ ಎಲ್ಲರೂ ಉಣ್ಣಲು ಕೂತಾಗ ಸಕ್ರವ್ವ ಒಂದು ಶೇಂಗಾ ಹೋಳಿಗೆ ತೆಗೆದು ದೇವವ್ವನ ಕೈಗಿಟ್ಟಳು.

"ಖರೇ ಹೇಳು, ನೀನೂ ಆ ಮಾತ ನಂಬೀದಿ ಏನು?"

"ನಂಬಿದ್ರ ನಿನ್ನ ಸಲುವಾಗಿ ಊರ ಮಂದಿ ಕೂಡ ಯಾಕ ಜಗಳಾಡ್ತಿದ್ನಿ, ಹುಚ್ಚಿ."

"ಹಂಗಾರ ನನ್ನ ಮುಂದ ತಿನ್ನು."

ದೇವವ್ವ ಒಂದು ಚೂರೂ ಬಿಡದೆ ತಿಂದಳು. ಸಕ್ರವ್ವನ ಕಣ್ಣು ತುಂಬಿ ಬಂತು. "ಇನ್ನ ಊರು ಏನರ ಅನ್ಲಿ ಬಿಡು," ಎಂದಳು.

ಸಂಜೆ ಮನೆಗೆ ಬಂದ ದೇವವ್ವನಿಗೆ ತಿಂದ ಹೋಳಿಗೆಯೇ ಮತ್ತೆ ಮತ್ತೆ ನೆನಪಾಯಿತು. ಅದರಲ್ಲಿ ಏನೂ ಇರಲಿಲ್ಲವೆಂದು ಆಕೆಗೆ ಗೊತ್ತು. ಗೊತ್ತಿದ್ದೂ ಕಾಲುಗಳು ಹಿತ್ತಲಿಗೆ ನಡೆದವು, ಬೆರಳು ಗಂಟಲಿಗೆ ಹೋಯಿತು. ತಿಪ್ಪೆಯ ಮೇಲೆ ಎಲ್ಲ ಕಾರಿಕೊಂಡು ತಲೆ ಎತ್ತಿದರೆ, ದೇವವ್ವನ ಮಕ್ಕಳಿಗೆಂದು ಉಳಿದ ಹೋಳಿಗೆ ತಂದಿದ್ದ ಸಕ್ರವ್ವ ಎದುರಿಗೇ ನಿಂತಿದ್ದಳು. ದೇವವ್ವನಿಗೆ ನೆಲ ಬಾಯಿ ಬಿಟ್ಟಿದ್ದರೆ ಸಾಕಿತ್ತು.

ಸಕ್ರವ್ವ ಜಗಳಾಡಲಿಲ್ಲ. ಬಾನಿಯಿಂದ ಒಂದು ತಂಬಿಗೆ ನೀರು ತುಂಬಿ ಕೊಟ್ಟು, "ಬಾಯಿ ಮುಕ್ಕಳಿಸ್ಕೋ," ಎಂದಳು. ಹೋಳಿಗೆಯ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟುಹೋದಳು.

ಮರುದಿನ ನಳದ ಮುಂದೆ ಯಾರೋ ಮತ್ತೆ ಮದ್ದಿನ ಸುದ್ದಿ ತೆಗೆದರು. ದೇವವ್ವ ಎಂದಿನಂತೆ ಬಾಯಿ ತೆರೆದಳು.

"ಸಾಕು ಬಿಡವ್ವಾ," ಸಕ್ರವ್ವ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು. "ಅವರು ನಂಬಿದ್ದನ್ನರ ಹೇಳ್ತಾರ."